ನಮ್ಮ ಮನೆಯವರ ಸ್ಪಂಜು

ತಲೆಯಿಲ್ಲ, ಹೃದಯವಿಲ್ಲ, ಹೊಟ್ಟೆಯಂತೂ ಇಲ್ಲವೇ ಇಲ್ಲ. ಇಂಥ ಒಂದು ಪ್ರಾಣಿಯ ಮೇಲೆ ನಮ್ಮ ಮನೆಯವರಿಗಿದ್ದ ಪ್ರೀತಿಯಲ್ಲಿ ಅರ್ಧದಷ್ಟು ನನ್ನ ಮೇಲಿದ್ದಿದ್ದರೆ, ಹೀಗೆ ಪೆನ್ನು ಹಿಡಿದು ಊರಿಗೆಲ್ಲ ದೂರು ಹೇಳುವ ಗತಿ ನನಗೆ ಬರುತ್ತಿರಲಿಲ್ಲ!

ಇವರು ಸುರಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಕಲಿಸಲಿ, ಬೇಡ ಅಂದವರಾರು? ಆದರೆ ಬಿಸಿಲಿಗೆ ಬಂಡೆ ಕಾಯುವ ಈ ಊರಲ್ಲಿ ಕುಳಿತು ಸಮುದ್ರದ ಸ್ಪಂಜಿನ ಮೇಲೆ ಮನಸ್ಸಿಡಬೇಕೆ? ಹಡಗಿನಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಒಣಗಿದ ಸ್ಪಂಜೊಂದನ್ನು ತಂದುಕೊಟ್ಟ. ಅಂದಿನಿಂದ ನಾನು ಬಳೆ ಇಡುತ್ತಿದ್ದ ಗಾಜಿನ ಕಪಾಟು ಅದರದಾಯಿತು. ಧೂಳು ಒರೆಸಲು ಮುಟ್ಟಿದರೂ ಇವರ ಜೀವ ಹೋಗುತ್ತಿತ್ತು. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಪಾಠ: ಮೈತುಂಬ ಇರುವ ಸಣ್ಣ ತೂತುಗಳಿಂದ ನೀರು ಒಳಗೆ ಹೋಗುತ್ತದೆ, ಮೇಲಿನ ದೊಡ್ಡ ತೂತಿನಿಂದ ಹೊರಗೆ ಬರುತ್ತದೆ, ನಡುವೆ ಸಿಕ್ಕಿದ್ದೇ ಅದರ ಊಟ. ಸುಣ್ಣದ ಮುಳ್ಳಿನ ಸ್ಪಂಜುಗಳು ಬೇರೆ, ಗಾಜಿನ ಮುಳ್ಳಿನವು ಬೇರೆ. ಇದು ಸ್ಪಾಂಜಿಯಾ, ಮುಳ್ಳೇ ಇಲ್ಲದ ಬರೀ ನಾರಿನ ಜಾತಿ. ಮೆಡಿಟರೇನಿಯನ್ನಿನಿಂದ ಹಿಡಿದು ಬೆಚ್ಚಗಿನ ಎಷ್ಟೋ ಸಮುದ್ರಗಳಲ್ಲಿ ಇದರ ಬಳಗವಿದೆ. ನನ್ನ ತವರಿನ ಬಳಗ ಎಲ್ಲೆಲ್ಲಿದೆ ಎಂದು ಕೇಳಿ ನೋಡಿ, ಬೋನಾಳ ಬಿಟ್ಟು ಇನ್ನೊಂದು ಊರು ನೆನಪಾಗುವುದಿಲ್ಲ!

ಶಹಾಪುರದ ಅಂಗಡಿಯಲ್ಲಿ ಪಾತ್ರೆ ತಿಕ್ಕುವ ಸ್ಪಂಜು ಕೇಳಿದೆ, ಅಷ್ಟೇ. ಇವರು ಅಂಗಡಿಯವನ ಮೇಲೆ ಹರಿಹಾಯ್ದರು: ಅದು ಪ್ಲಾಸ್ಟಿಕ್, ಸ್ಪಂಜು ಅಂದರೆ ಪ್ರಾಣಿ, ಅದಕ್ಕೂ ಮರಿಗಳಾಗುತ್ತವೆ. ಅಂಗಡಿಯವ ನನ್ನ ಕಡೆ ಬಾಗಿ, ಸಾಹೇಬರಿಗೆ ಎಷ್ಟು ದಿನದಿಂದ ಹೀಗೆ ಎಂದು ಮೆಲ್ಲಗೆ ವಿಚಾರಿಸಿದ. ತಿಂಥಣಿಯಲ್ಲಿ ನಾವೆಲ್ಲ ಮೌನೇಶ್ವರನಿಗೆ ಕೈಮುಗಿಯುತ್ತಿದ್ದರೆ ಇವರು ಕೃಷ್ಣೆಯ ದಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಲ್ಲು ಮಗುಚುತ್ತಿದ್ದರು. ಸಿಹಿನೀರಿನಲ್ಲೂ ಸ್ಪಂಜಿನ ದೂರದ ನೆಂಟರು ಇರುತ್ತಾರಂತೆ! ಉಂಗುರ ಕಳೆದಿರಬೇಕೆಂದು ಭಕ್ತರು ಪಾಪ, ತಾವೂ ನೀರಿಗಿಳಿದು ಹುಡುಕಿದರು.

ಇಷ್ಟನ್ನೆಲ್ಲ ನುಂಗಿಕೊಂಡೆ. ಆದರೆ ಆ ಭಾನುವಾರದ್ದು?

ಅಣ್ಣ, ಅತ್ತಿಗೆ ಅವ್ವನನ್ನು ನಮ್ಮಲ್ಲಿ ಬಿಟ್ಟುಹೋಗಲು ಬಂದಿದ್ದರು. ಅವ್ವನ ಕಣ್ಣು ಮಂಜಾದ ಮೇಲೆ ಅತ್ತಿಗೆ ಆಕೆಯನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಸಕ್ಕರೆ ಹಾಕುವಲ್ಲಿ ಉಪ್ಪು ಹಾಕುತ್ತಾಳೆಂದು. ಕುರಿ ಸಾಕುವ ಮನೆಯಲ್ಲಿ ಜೀವಮಾನವಿಡೀ ಬೇಯಿಸಿ ಹಾಕಿದ ಹೆಂಗಸು ಈಗ ಕಟ್ಟೆಯ ಮೇಲೆ ಸುಮ್ಮನೆ ಕೂಡಬೇಕು. "ನಿನ್ನ ಮನ್ಯಾಗರ ನಾಕು ದಿನ ಒಲಿ ಮುಂದ ಕುಂದ್ರತೀನಿ ಮಗಳ" ಎಂದಳು. ಆಕೆಯ ಕೈಯ ಬೋಟಿ ಸಾರು ಬಳಗದಲ್ಲೆಲ್ಲ ಹೆಸರಾದದ್ದು. ಬೋಟಿ, ಅಂದರೆ ಕುರಿಯ ಹೊಟ್ಟೆ, ತರಲು ಇವರ ಕೈಗೆ ಚೀಲ ಕೊಟ್ಟು ನಾನು ಹಿತ್ತಲಿಗೆ ಬಟ್ಟೆ ಒಗೆಯಲು ಹೋದೆ.

ಇವರು ಮಾಡಿದ್ದೇನು? ಅಣ್ಣನಿಗೆ ತೋರಿಸಲೆಂದು ಸ್ಪಂಜನ್ನು ಬೋಗುಣಿಯಲ್ಲಿ ನೆನೆಹಾಕಿ ಅಡುಗೆಮನೆಯಲ್ಲಿಟ್ಟರು. ಬೋಟಿ ಮರೆತು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತರು!

ಬೋಟಿ ಬಹಳ ಕಡಿಮೆ ಇದೆ ಎಂದು ಅವ್ವ ಒಳಗಿನಿಂದ ಕೂಗಿದಾಗ, ಇದ್ಯಾವುದೂ ಗೊತ್ತಿಲ್ಲದ ನಾನು ಇವರ ಜಿಪುಣತನಕ್ಕೆ ಹಲ್ಲು ಕಡಿದೆ. ಎಷ್ಟು ಕುದಿಸಿದರೂ ಬೇಯುತ್ತಿಲ್ಲ, ಮುದಿ ಕುರಿ ಇರಬೇಕು ಎಂದಾಗ, ಮೋಸ ಹೋಗಿ ಬಂದಿದ್ದಾರೆ ಎಂದು ಮತ್ತಷ್ಟು ಉರಿಯಿತು.

ಊಟಕ್ಕೆ ಕುಳಿತಾಗ ಅಳಿಯನಿಗೇ ಮೊದಲು ಬಡಿಸಿದೆವು. ಇವರು ಅಗಿದರು. ಅಗಿದರು. ಅಗಿಯುತ್ತಲೇ ಇದ್ದರು. ಆಮೇಲೆ ತಟ್ಟೆಯ ಇನ್ನೊಂದು ಚೂರನ್ನು ಬೆಳಕಿಗೆ ಹಿಡಿದರು. ಅದರ ತೂತುಗಳನ್ನು ನಾನೂ ನೋಡಿದೆ: ಕಪಾಟಿನ ಸ್ಪಂಜು! ಅವ್ವ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅತ್ತಿಗೆಯ ಕೈ ಸಾರಿನ ಪಾತ್ರೆಯ ಕಡೆ ಹೊರಟಿತ್ತು. ಒಂದು ಚೂರು ಬಾಯಿಗೆ ಹೋದರೆ ಮುಗಿಯಿತು, ಅವ್ವ ಇನ್ನು ಯಾವ ಒಲೆಯನ್ನೂ ಮುಟ್ಟುವ ಹಾಗಿಲ್ಲ.

ಇವರು ಪಾತ್ರೆಯನ್ನೇ ತಮ್ಮ ಕಡೆ ಎಳೆದುಕೊಂಡರು.

"ಇದು ಯಾರಿಗೂ ಕೊಡಂಗಿಲ್ರಿ. ಅತ್ತಿ ಅಳಿಯಗಂತ ಮಾಡ್ಯಾರ. ನೀವು ಬ್ಯಾಳಿ ಹಾಕ್ಕೊಳ್ರಿ."

ಇಂಥ ಹೊಟ್ಟೆಬಾಕನನ್ನು ಎಲ್ಲೂ ಕಂಡಿಲ್ಲ ಅನ್ನುವಂತೆ ಅತ್ತಿಗೆ ನನ್ನತ್ತ ನೋಡಿದಳು. ನನಗೆ ಮುಟ್ಟಲೂ ಕೊಡದಿದ್ದ ಆ ಸ್ಪಂಜನ್ನು ಇವರು ಒಂದೊಂದೇ ಚೂರು ರೊಟ್ಟಿಯಲ್ಲಿ ಸುತ್ತಿ ನುಂಗಿದರು. ಪಾತ್ರೆಯ ತಳ ಕಾಣುವವರೆಗೂ ಬಿಡಲಿಲ್ಲ.

ಕೈ ತೊಳೆಯಲು ಹಿತ್ತಲಿಗೆ ಬಂದವರನ್ನು ತಡೆದು, ಹೊಟ್ಟೆಗೆ ಏನಾದರೂ ಆದರೆ ಎಂದು ಕೇಳಿದೆ.

"ಮುಳ್ಳಿಲ್ಲದ ಜಾತಿ ಅಂತ ಎಷ್ಟು ಸಲ ಹೇಳೀನಿ. ನೀ ಒಂದಿನಾನೂ ಕಿವಿಮ್ಯಾಲ ಹಾಕ್ಕೊಳ್ಳಿಲ್ಲ."

ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು, ಅಳಿಯಂದಿರಿಗೆ ನಾಳೆ ಏನು ಮಾಡಲಿ ಎಂದು. ಅಷ್ಟು ಗಟ್ಟಿಯಾಗಿ ಆಕೆ ಮಾತಾಡಿದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಇವರು ಹೊಟ್ಟೆ ಒತ್ತಿ ಹಿಡಿದುಕೊಂಡೇ, "ನೀವು ಏನ್ ಮಾಡಿದ್ರೂ ಸೇರ್ತದ್ರಿ ಅತ್ತಿ" ಎಂದರು.

ಬೋಟಿ ತರದೆ ಕುಳಿತದ್ದಕ್ಕೆ ಸರಿಯಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಳು ಬಂತು. ಚೊಂಬು ಎತ್ತಿ ಇವರ ಕೈಗೆ ನೀರು ಹಾಕಿದೆ.