ಗಾಡಿಗೆ ಚಳಿ ರೂಢಿ ಮಾಡಿಸಿದ್ದು

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಾನು ಹಾನಗಲ್ಲಿನ ನಮ್ಮ ಮನೆಯ ಮುಂದೆ, ನಮ್ಮ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಅದರ ಹೊಟ್ಟೆಗೆ ಟಾರ್ಚ್ ಬಿಡುತ್ತಿದ್ದೆ. ಹೊರಗೆ ಕಾಣುತ್ತಿದ್ದದ್ದು ನನ್ನ ಎರಡು ಕಾಲು ಮಾತ್ರ. ಆ ಕಾಲುಗಳನ್ನು ಉದ್ದೇಶಿಸಿ ನನ್ನ ಹೆಂಡತಿ ನೀಲಾಂಬಿಕಾ ಕೇಳಿದಳು:

"ಏನ್ರಿ, ಚಾ ಅಲ್ಲೇ ಕೊಡ್ಲೇನು?"

"ನೀಲಾ," ಎಂದು ನಾನು ಒಳಗಿನಿಂದಲೇ ಘೋಷಿಸಿದೆ, "ಈ ಗಾಡೀನ್ನ ನಾ ಹಿಮಾಲಯ ಹತ್ತಸ್ತೇನಿ!"

"ಮದಲ ನೀವು ಹೊರಗ ಬರ್ರಿ. ಚಾ ಆರತೈತಿ."

ಗಾಡಿಯ ಪರಿಚಯ ಮಾಡಿಕೊಡುತ್ತೇನೆ. ಏಳು ಸೀಟಿನದು, ಡೀಸೆಲ್, ವಯಸ್ಸು ಹದಿನಾಲ್ಕು. ಓಡಿರುವುದು ಮೂರು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರ್. ಅಂದರೆ ಭೂಮಂಡಲವನ್ನು ಏಳೂಮುಕ್ಕಾಲು ಸಲ ಪ್ರದಕ್ಷಿಣೆ ಹಾಕಿದಷ್ಟು. ಬಹುಪಾಲು ಪ್ರದಕ್ಷಿಣೆ ಹಾನಗಲ್ ಮತ್ತು ಹುಬ್ಬಳ್ಳಿಯ ನಡುವೆಯೇ ಆಗಿದೆ ಎಂಬುದು ಬೇರೆ ಮಾತು.

ನಾನು ರಸಾಯನಶಾಸ್ತ್ರದ ಪದವೀಧರ. ಮಣ್ಣು ಪರೀಕ್ಷೆಯ ಸಣ್ಣ ಲ್ಯಾಬ್ ನಡೆಸುತ್ತೇನೆ. ಮಣ್ಣು ನೋಡದೆ ಗೊಬ್ಬರ ಹೇಳಿದವನಲ್ಲ. ನೀಲಾ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಕರಿಹಲಗೆಯ ಮೇಲೆ ಭಾರತದ ನಕ್ಷೆ ಬರೆದು, ಅದರ ನೆತ್ತಿಗೆ ಬಿಳಿ ಸೀಮೆಸುಣ್ಣದಿಂದ ಹಿಮ ಬಳಿಯುತ್ತಾ ಬಂದಿದ್ದಾಳೆ. ಕಣ್ಣಾರೆ ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಈ ವರ್ಷ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು, "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳಿಬಿಟ್ಟಳಂತೆ. ಅವತ್ತು ನೀಲಾ ಮನೆಗೆ ಬಂದು ಚೀಲ ಕೂಡ ಕೆಳಗಿಡದೆ ಕೂತಿದ್ದಳು. ನಾನು ಆಗಲೇ ಮಾತು ಕೊಟ್ಟೆ: ಮೇ ರಜೆಗೆ ಸ್ಪಿತಿ ಕಣಿವೆ, ನಮ್ಮದೇ ಗಾಡಿಯಲ್ಲಿ!

ಚಹ ಕುಡಿಯುವಾಗ ನೀಲಾ ಅಡ್ಡಪ್ರಶ್ನೆ ಹಾಕಿದಳು.

"ಈ ಮುದಿ ಗಾಡಿ ಹಾದಿಯಾಗ ಕೈಕೊಟ್ರ?"

"ಕೊಡಂಗಿಲ್ಲ. ಲೆಕ್ಕಾ ಹಾಕೇನಿ."

"ಎಷ್ಟು ಬಂತು?"

ನಾನು ಕಪ್ಪನ್ನು ಬಸಿಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, "ಶೇಕಡಾ ಸೊನ್ನೆ ಪಾಯಿಂಟ್ ಮೂರು!" ಎಂದೆ.

ಈ ಅಂಕಿ ಎಲ್ಲಿಂದ ಬಂತೆಂದು ದಯವಿಟ್ಟು ಕೇಳಬೇಡಿ. ಬರೀ ಸೊನ್ನೆ ಎಂದರೆ ವಿಜ್ಞಾನಕ್ಕೆ ಅಪಚಾರ, ಒಂದು ಎಂದರೆ ಹೆಂಡತಿಗೆ ಅನುಮಾನ. ಪಾಯಿಂಟ್ ಮೂರಕ್ಕೆ ಒಂದು ಗಾಂಭೀರ್ಯವಿದೆ.

"ಹಂಗಾದ್ರ ಒಂದು ಮಾತು," ಎಂದಳು ನೀಲಾ. "ಐತವಾರ ಹಿರೇಕೆರೂರಾಗ ನಮ್ಮ ತಮ್ಮನ ಕೂಸಿನ ತೊಟ್ಟಲ ಕಾರ್ಯ ಐತಿ. ಅವ್ವನ್ನೂ ನನ್ನೂ ಇದರಾಗ ಕರಕೊಂಡು ಹೋಗ್ರಿ. ಹಾದಿಯಾಗ ಎಲ್ಲೂ ನಿಲ್ಲಲಿಲ್ಲಂದ್ರ ಹಿಮಾಲಯ. ಒಂದ ಸಲ ನಿಂತ್ರೂ ಗಾಡಿ ಮಾರಬೇಕು, ಈ ಮಾತು ಮತ್ತ ಎತ್ತಬಾರದು. ನಾ ಕರಿಹಲಗಿ ಮ್ಯಾಲಿನ ಹಿಮಾನ ನೋಡ್ಕೋತ ಇರ್ತೇನಿ."

ಒಪ್ಪಿದೆ. ಹಿರೇಕೆರೂರೇನು, ಕಣ್ಣು ಮುಚ್ಚಿ ಓಡಿಸುವ ಹಾದಿ! (ಕೊನೆಗೆ ಹಾಗೆಯೇ ಓಡಿಸಬೇಕಾಯಿತು.)

ಎಂಜಿನ್ ಆಯಿಲ್, ಬ್ರೇಕ್, ಟೈರು, ಬೆಲ್ಟು ಎಲ್ಲ ಬದಲಾಯಿಸಿದೆ. ಏಸಿಯ ಗಾಳಿ ಸೋಸುವ ಫಿಲ್ಟರನ್ನು ಕಿತ್ತು ತೊಳೆದು, ಬಟ್ಟೆ ಹಗ್ಗದ ಮೇಲೆ ನನ್ನ ಬನಿಯನ್ನಿನ ಪಕ್ಕದಲ್ಲಿ ಒಣಗಲು ಹಾಕಿದೆ. ಉಳಿದದ್ದು ಒಂದೇ ಪರೀಕ್ಷೆ. ಕೊರೆಯುವ ಚಳಿಯಲ್ಲಿ ಹಳೆಯ ಡೀಸೆಲ್ ಎಂಜಿನ್ ಚಾಲೂ ಆಗುತ್ತದೆಯೇ? ಬೇಸಿಗೆಯ ಹಾನಗಲ್ಲಿನಲ್ಲಿ ಚಳಿ ಎಲ್ಲಿಂದ ತರುವುದು? ನಮ್ಮ ಸೀಮೆಯಲ್ಲಿ ಚಳಿಯ ದಾಸ್ತಾನು ಇರುವ ಜಾಗ ಒಂದೇ: ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜು!

ಶಿಗ್ಗಾವಿಯ ಕಡೆ ಅಂಥದ್ದೊಂದನ್ನು ನಡೆಸುವ ಇಜಾಜ ನನ್ನ ಕಾಲೇಜಿನ ಗೆಳೆಯ. ಗಾಡಿಯನ್ನು ಒಂದು ರಾತ್ರಿ ಅವನ ಕೋಣೆಯಲ್ಲಿ ಇಡುತ್ತೇನೆಂದಾಗ ತಲೆ ಕೆರೆದುಕೊಂಡ.

"ಲೇ ಶಂಭೂ, ಮಂದಿ ನನ್ನ ಹತ್ರ ಮೆಣಸಿನಕಾಯಿ ಇಡ್ತಾರ, ಹುಣಸಿಹಣ್ಣು ಇಡ್ತಾರ. ಗಾಡಿ ಇಟ್ಟವರು ಯಾರೂ ಇಲ್ಲ."

"ವಿಜ್ಞಾನಕ್ಕ ಯಾರರ ಮದಲನೇದವ್ರು ಬೇಕಲ್ಲ."

"ಆತು, ಕಿಡಕಿ ಏರಸು. ಮುಂಜಾನೆ ಆಳುಗಳು ಚೀಲ ಇಳಸ್ತಾರ, ಧೂಳು ಹಾರತೈತಿ."

"ಏರಿಸಿದ್ರ ಒಳಗ ತಂಪು ಹ್ಯಾಂಗ ಹೋಗತೈತಿ? ಒಳಗೂ ಹೊರಗೂ ಉಷ್ಣತೆ ಸಮ ಆಗಬೇಕು. ಅದಕ್ಕ ನಾವು ಸಮತೋಲ ಅಂತೇವಿ."

"ನೀವು ಏನರ ಅನ್ನಿ. ನಾ ಕಿಡಕಿ ಏರಸು ಅಂದೇನಿ, ನೆನಪಿರ್ಲಿ."

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಈ ವೈಜ್ಞಾನಿಕ ಸತ್ಯವನ್ನು ನೆಚ್ಚಿಕೊಂಡು ನಾಲ್ಕೂ ಕಿಟಕಿ ಇಳಿಸಿ ಬಂದೆ.

ಮರುದಿನ ಬೆಳಿಗ್ಗೆ ತೆಳು ಅಂಗಿಯಲ್ಲೇ ಆ ಕೋಣೆಗೆ ಹೋಗಿ ಕೀಲಿ ತಿರುವಿದೆ. ಒಂದೇ ಸಲಕ್ಕೆ ಚಾಲೂ! ಚೀಲ ಇಳಿಸುತ್ತಿದ್ದ ಆಳುಗಳು ಮುಖಕ್ಕೆ ವಲ್ಲಿ ಸುತ್ತಿಕೊಂಡಿದ್ದರು. ಚಳಿಗೆಂದು ತಿಳಿದೆ. ಹಿಗ್ಗಿನಲ್ಲಿ ಮತ್ತೆ ಮತ್ತೆ ಆರಿಸಿ ಚಾಲೂ ಮಾಡಿದೆ. ಹೊರಬರುವ ಹೊತ್ತಿಗೆ ಎಂಜಿನ್ನಿಗೆ ಏನೂ ಆಗಿರಲಿಲ್ಲ, ನನಗೆ ನೆಗಡಿಯಾಗಿತ್ತು. ಕಟ್ಟಿದ ಮೂಗಿಗೆ ಯಾವ ವಾಸನೆಯೂ ಹತ್ತಲಿಲ್ಲ. ಕಿಟಕಿ ತೆರೆದುಕೊಂಡೇ ಮನೆಗೆ ಬಂದೆ.

ಐತವಾರ ಹೊರಟೆವು. ಹಿಂದಿನ ಸೀಟಿನಲ್ಲಿ ಇಳಕಲ್ ಸೀರೆಯುಟ್ಟ ಅತ್ತೆ ಫಕ್ಕೀರವ್ವ, ತೊಡೆಯ ಮೇಲೆ ಕೂಸಿನ ಕುಂಚಿಗೆಯ ಗಂಟು. ಅಕ್ಕಿಆಲೂರು ಸಮೀಪಿಸಿದಾಗ ಆಕೆ ಸೆರಗಿನಿಂದ ಗಾಳಿ ಹಾಕಿಕೊಂಡು, "ಅಳಿಯಾರ, ಭಾಳ ಶೆಕಿ ಆಗಾಕತ್ತೈತ್ರಿ," ಎಂದರು.

"ಈಗ ನೋಡ್ರಿ ಅತ್ತಿ, ಸ್ಪಿತಿ ಕಣಿವಿ ಹವಾ!" ಎಂದು ನಾನು ನಾಲ್ಕೂ ಕಿಟಕಿ ಏರಿಸಿ, ಏಸಿಯನ್ನು ತುದಿಯವರೆಗೆ ತಿರುವಿದೆ.

ಫಿಲ್ಟರ್ ಇನ್ನೂ ಬಟ್ಟೆ ಹಗ್ಗದ ಮೇಲಿತ್ತು.

ಗಾಳಿಯ ಕಿಂಡಿಗಳಿಂದ ತೆಳ್ಳಗೆ ಕೆಂಪು ಮಂಜು ಹೊರಟಿತು. ನೋಡಲು ಸುಂದರವಾಗಿಯೇ ಇತ್ತು. ಮೊದಲು ಅತ್ತೆ ಸೀನಿದರು. ಆಮೇಲೆ ನೀಲಾ. ಆಮೇಲೆ ಯಾರು ಯಾವಾಗ ಎಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು, ಗಾಡಿಯನ್ನು ಹೇಗೋ ರಸ್ತೆ ಬದಿಗೆ ತಂದೆ. ಮೂರು ಬಾಗಿಲಿನಿಂದ ಮೂವರೂ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಗೆ ಬಿದ್ದೆವು. ಅಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದ ಹೆಣ್ಣುಮಗಳು ಒಮ್ಮೆ ನಮ್ಮನ್ನು, ಒಮ್ಮೆ ತನ್ನ ರಾಶಿಯನ್ನು ಅನುಮಾನದಿಂದ ನೋಡಿದಳು.

ಅತ್ತೆಗೆ ಮೊದಲು ಮಾತು ಬಂತು. "ಅಳಿಯಾರ, ಗಾಡಿಯೊಳಗ ಖಾರ ಕುಟ್ಟೂ ಗಿರಣಿ ಯಾವಾಗ ಹಾಕಸಿದ್ರಿ?"

ನಾನು ನೀಲಾಳ ಕಡೆ ತಿರುಗಿದೆ. "ನೀಲಾ, ಗಾಡಿ ತಾನಾಗಿ ನಿಂತಿಲ್ಲ. ನಾನು ನಿಲ್ಲಿಸಿದ್ದು. ಶಾಸ್ತ್ರೀಯವಾಗಿ ನೋಡಿದ್ರ..."

"ಗಾಲಿ ತಿರಗಾಕತ್ತಾವೇನ್ರಿ?"

"ಇಲ್ಲ."

"ಹಂಗಾದ್ರ ನಿಂತೈತಿ."

ಹಿರೇಕೆರೂರು ಮುಟ್ಟಿದಾಗ ನಮ್ಮ ಮೂವರ ಕಣ್ಣು ಕೆಂಡವಾಗಿದ್ದವು, ಮೂಗು ಸೋರುತ್ತಿದ್ದವು. ಶುಭಕಾರ್ಯದ ಮನೆ ಗಕ್ಕನೆ ಸ್ತಬ್ಧವಾಯಿತು. "ಯವ್ವಾ, ಯಾರು ಹೋದ್ರು?" ಎಂದು ಒಬ್ಬ ಮುದುಕಿ ಅತ್ತೆಯ ಕೊರಳಿಗೆ ಬಿದ್ದು ಅಳಲು ಶುರುಮಾಡಿದಳು. ಯಾರೂ ಸತ್ತಿಲ್ಲವೆಂದು ಆಕೆಗೆ ಮನವರಿಕೆ ಮಾಡುವಷ್ಟರಲ್ಲಿ ಇನ್ನೂ ನಾಲ್ವರು ಸೇರಿಕೊಂಡಿದ್ದರು. ಇಡೀ ಮನೆಯಲ್ಲಿ ಅಳದೆ ಇದ್ದದ್ದು ತೊಟ್ಟಿಲಲ್ಲಿದ್ದ ಕೂಸು ಒಂದೇ.

ಇಜಾಜನಿಗೆ ಫೋನ್ ಮಾಡಿ, "ಬ್ಯಾಡಗಿ ಕಾಯಿ ಇಷ್ಟು ಖಾರ ಇರತೈತೇನೋ?" ಎಂದು ಜಬರಿಸಿದೆ.

"ಬ್ಯಾಡಗಿ ಅಂತ ಯಾರು ಹೇಳಿದ್ರು? ಆ ಕೋಣ್ಯಾಗಿದ್ದದ್ದು ಗುಂಟೂರು. ಕಿಡಕಿ ಏರಸಿದ್ದಿಲ್ಲೋ?"

ಫೋನ್ ಇಟ್ಟೆ.

ಮಾತಿನಂತೆ ಗಾಡಿ ಮಾರಾಟಕ್ಕೆ ಬಂತು. ನೀಲಾ ಉಲನ್ ಅಂಗಡಿಯಿಂದ ತಂದಿದ್ದ ಎರಡು ಮಂಗನಟೋಪಿಗಳನ್ನು ಸದ್ದಿಲ್ಲದೆ ಟ್ರಂಕಿನ ತಳಕ್ಕೆ ಸೇರಿಸಿದಳು. ಬಾಯಿಬಿಟ್ಟು ಆಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಫಿಲ್ಟರ್ ಕೂಡಿಸಿದೆ, ಪಂಕ್ಚರ್ ಅಂಗಡಿಯಲ್ಲಿ ಏಸಿಯ ಕಿಂಡಿಗಳೊಳಗೆ ಜೋರು ಗಾಳಿ ಹೊಡೆಸಿದೆ. ಆ ಅಂಗಡಿ ಅವತ್ತು ಮಧ್ಯಾಹ್ನವೇ ಬಾಗಿಲು ಹಾಕಿತು. ಸವಣೂರಿನಿಂದ ಹಳೇ ಗಾಡಿಗಳ ವ್ಯಾಪಾರಿ ರಿಯಾಜ ಬಂದ. ಬಾನೆಟ್ ಎತ್ತಿ ನೋಡಿದ, ಕೆರೆಯ ದಂಡೆಯವರೆಗೆ ಓಡಿಸಿ ಬಂದ, ತಲೆದೂಗಿದ. ಆಮೇಲೆ ನಾನು "ಅದೊಂದು ಬ್ಯಾಡ್ರಿ" ಎನ್ನುವಷ್ಟರಲ್ಲಿ ಏಸಿ ತಿರುವಿದ.

ಕಣ್ಣೊರೆಸಿಕೊಳ್ಳುತ್ತ ಹೊರಗಿಳಿದು ಹೇಳಿದ: "ಸಾಹೇಬ್ರ, ಎಂಜಿನ್ ಏಕ್ ನಂಬರ್ ಐತ್ರಿ. ಇಂಥಾ ಎಂಜಿನ್ ನಾ ಈ ವರ್ಷ ನೋಡಿಲ್ಲ. ಆದ್ರ ಗಾಡಿ ಮಾತ್ರ ಬ್ಯಾಡ್ರಿ. ತಗೊಂಡವ ದಿನಾ ಅಳ್ತಾನ."

ಅವನು ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದ ನೀಲಾ ಕೇಳಿದಳು: "ಎಂಜಿನ್ ಬಗ್ಗೆ ಅಂವ ಏನಂದ?"

"ಏಕ್ ನಂಬರ್ ಅಂದ. ಇರ್ಲಿ ಬಿಡು, ಶಿಗ್ಗಾವಿ ಕಡೆ ಇನ್ನೊಬ್ರನ್ನ ಕೇಳ್ತೇನಿ."

"ಕೇಳಬ್ಯಾಡ್ರಿ. ಕೊಳ್ಳಾಕ ಬಂದವ ಎಲ್ಲಾದ್ರೂ ಗಾಡಿ ಹೊಗಳತಾನೇನು? ನಿಮ್ಮ ಲೆಕ್ಕಾ ನಾ ನಂಬಿರಲಿಲ್ಲ. ಅಂವನ ಮಾತು ನಂಬತೇನಿ. ಮುಂದಿನ ವಾರ ಹೊರಡೂಣು." ಒಳಗೆ ಹೋಗುತ್ತ ತಿರುಗಿದಳು. "ಏಸಿಗೆ ಮಾತ್ರ ಕೈ ಹಚ್ಚಬಾರದು."

ಹಚ್ಚಲಿಲ್ಲ. ರಾಜಸ್ಥಾನದ ಬಿಸಿಲಿಗೂ ಹಚ್ಚಲಿಲ್ಲ, ಬೆಟ್ಟದ ಚಳಿಗೂ ಹಚ್ಚಲಿಲ್ಲ. ಕಿಟಕಿ ತೆರೆದು, ಮಂಗನಟೋಪಿ ಹಾಕಿಕೊಂಡು ಹತ್ತಿದೆವು. ಗಾಡಿ ಎಲ್ಲೂ ಕೈಕೊಡಲಿಲ್ಲ. ಸ್ಪಿತಿಯ ಒಂದು ತಿರುವಿನಲ್ಲಿ ರಸ್ತೆಯ ಪಕ್ಕಕ್ಕೇ ಬಿಳಿ ಇಳಿದುಬಂದಿತ್ತು.

"ನಿಲ್ಲಸ್ರಿ," ಎಂದಳು ನೀಲಾ.

ಇಳಿದು ಹೋಗಿ ಒಂದು ಹಿಡಿ ಹಿಮ ತೆಗೆದುಕೊಂಡಳು. ಸೀಮೆಸುಣ್ಣದ ಪುಡಿಯನ್ನು ತಿಕ್ಕುವ ಹಾಗೆ ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.  ನಾನು ಹತ್ತಿರ ಹೋದಾಗ ಕೆನ್ನೆ ಒದ್ದೆಯಾಗಿತ್ತು.

"ಅಳಾಕತ್ತಿ ಏನು?"

"ಮೆಣಸಿನಕಾಯಿ ಧೂಳ್ರೀ."

ನಾವು ನಿಂತಿದ್ದದ್ದು ಬಯಲಿನಲ್ಲಿ. ಏಸಿ ಹಾನಗಲ್ ಬಿಟ್ಟಾಗಿನಿಂದ ಬಂದ್ ಇತ್ತು. ಇದು ಸಾಧ್ಯವಿಲ್ಲ ಎಂದು ವಿವರಿಸಲು ಬಾಯಿ ತೆರೆದವನು, ಯಾಕೋ, "ಇನ್ನೂ ಎಷ್ಟು ಉಳದಿರಬೇಕು?" ಎಂದೆ.

ನೀಲಾ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದಳು:

"ಶೇಕಡಾ ಸೊನ್ನೆ ಪಾಯಿಂಟ್ ಮೂರು."