ಕೆಟ್ಟು ಹೋದ ಶಂಕರಪಾಳಿ

ನಮ್ಮ ಅತ್ತೆಯವರ ಪ್ರಕಾರ ಈ ಲೋಕದಲ್ಲಿ ಪರದೇಶದ ತಿಂಡಿ ಎಂಬುದೇ ಇಲ್ಲ! ಇರುವುದೆಲ್ಲ ನಮ್ಮ ಹಳಿಯಾಳದ ತಿಂಡಿಗಳೇ. ಊರು ಬಿಟ್ಟು ಹೋಗಿ, ಕೈಗುಣವಿಲ್ಲದವರ ಪಾಲಾಗಿ ಕೆಟ್ಟಿವೆ, ಅಷ್ಟೆ. ನೂಡಲ್ಸ್ ಅಂದರೆ ನೆಟ್ಟಗೆ ಹೊಸೆಯಲು ಬಾರದವರ ಶಾವಿಗೆ. ಪಿಜ್ಜಾ ನೋಡಿದ ದಿನವಂತೂ ಅವರಿಗೆ ಮರುಕವೇ ಉಕ್ಕಿತು. "ಪಾಪ, ತಾಟಿನ್ಯಾಗ ಜಾಗಾ ಸಾಲದಂಗ ಆಗಿ ಪಲ್ಲೆ ಎಲ್ಲಾ ರೊಟ್ಟಿ ಮ್ಯಾಲೆ ಸುರುವ್ಯಾರ!"

ಗೋವಾ ಗಡಿಯ ರಾಮನಗರದಲ್ಲಿರುವ ನನ್ನ ತಂಗಿ ಒಮ್ಮೆ ಗೋವೆಯ ದೊದೋಲ್ ತಂದಿದ್ದಳು. ಬೆಲ್ಲ, ತೆಂಗಿನಹಾಲು ಹಾಕಿ ಕಾಯಿಸಿದ ಕರ‍್ರಗಿನ ಸಿಹಿ. ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಹಾಲಬಾಯಿ. ತಳ ಸೀದೈತಿ."

"ಅತ್ತೀ, ಅದರ ಬಣ್ಣಾನ ಹಂಗರೀ."

"ಹಂಗಾದ್ರ ಇನ್ನೊಂದು ತುಂಡು ಕೊಡು. ಎಲ್ಲಿ ಸೀದೈತಿ ನೋಡೂಣು."

ಹೀಗೆ ನೋಡುತ್ತ ನೋಡುತ್ತ ಡಬ್ಬಿ ಖಾಲಿಯಾಯಿತು. ಎಲ್ಲಿ ಸೀದಿತ್ತೆಂಬುದು ಇಂದಿಗೂ ತಿಳಿದಿಲ್ಲ!

ಇಂಥವರ ಮನೆಗೆ ಮಗಳ ಶಾಲೆಯಿಂದ ಒಂದು ಅಪ್ಪಣೆ ಬಂತು ನೋಡಿ. ನಮ್ಮವರು ದಾಂಡೇಲಿಯ ಕೆಲಸ ಬಿಟ್ಟು ಮುಂಡಗೋಡದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿ ಒಂದು ವರ್ಷವೂ ಆಗಿರಲಿಲ್ಲ. ಹಳಿಯಾಳದ ಮನೆಗೆ ಬೀಗ ಹಾಕಿ ಅತ್ತೆಯನ್ನೂ ಕರೆತಂದಿದ್ದೆವು. ಮೂರನೆಯ ಇಯತ್ತೆಯ ಮಗಳು ಸಹನಾ ಬಂದು ಹೇಳಿದಳು: ಪ್ರತಿಯೊಬ್ಬರೂ ಬೇರೆ ಸಮುದಾಯದವರ ಒಂದು ಸುಲಭ ತಿಂಡಿ ಮಾಡಿಸಿಕೊಂಡು ಬರಬೇಕಂತೆ.

"ನಾ ಟಿಬೇಟಿಯನ್ ತಿಂಡೀನ ಒಯ್ಯಾಕಿ," ಎಂದು ಹಟ ಹಿಡಿದಳು. ಕಾರಣವೂ ಹೊರಬಂತು. ಅವಳ ಬೆಂಚಿನಲ್ಲಿ ಕೂರುವ ಡೋಲ್ಮಾ ಟಿಬೇಟಿಯನ್ ಕ್ಯಾಂಪಿನ ಹುಡುಗಿ. ಮಾತೇ ಆಡುವುದಿಲ್ಲ. ಇವಳಿಗೋ ಹೊಸ ಶಾಲೆಯಲ್ಲಿ ಇನ್ನೂ ಒಬ್ಬ ಗೆಳತಿಯೂ ಸಿಕ್ಕಿಲ್ಲ. "ಆಕಿ ಮನಿ ತಿಂಡಿ ಒಯ್ದ್ರ ಮಾತಾಡಬಹುದು, ಹೌದಲ್ಲ ಅವ್ವಾ?" ಎಂದು ಕೇಳಿದಳು. ಶಾಲೆಯಲ್ಲಿ ಮಗಳು ಒಬ್ಬಳೇ ಡಬ್ಬಿ ಬಿಚ್ಚಿ ಉಣ್ಣುತ್ತಾಳೆ ಎಂಬುದಕ್ಕಿಂತ ದೊಡ್ಡ ದುಃಖ ತಾಯಿಗೆ ಇನ್ನೇನಿದೆ?

ಎಲೆಕೋಸು ತುಂಬಿದ ಮೊಮೊ ಮಾಡೋಣವೆಂದೆ. "ಕಡಬು. ಹೂರಣ ಕಟ್ಟಾಕ ಬರದ ಕೋಬಿ ತುಂಬ್ಯಾರ," ಎಂದರು ಅತ್ತೆ. ಅದು ಆರಿದರೆ ರುಚಿ ಇಲ್ಲವೆಂದು ನಾನೇ ಬಿಟ್ಟೆ. ಕೊನೆಗೆ ಖಪ್ಸೆ ಎಂದು ನಿಶ್ಚಯವಾಯಿತು. ಟಿಬೇಟಿಯನ್ನರು ತಮ್ಮ ಹೊಸ ವರ್ಷಕ್ಕೆ ಮೈದಾ ಕಲಸಿ ಕರಿಯುವ ತಿಂಡಿ. ಪಟ್ಟಿ ಕತ್ತರಿಸಿ, ನಡುವೆ ಸೀಳಿ, ಒಂದು ತುದಿಯನ್ನು ಆ ಸೀಳಿನೊಳಗಿಂದ ಎಳೆದರೆ ಆಯಿತು. ಮೊಬೈಲಿನಲ್ಲಿ ನೋಡಿ ಅತ್ತೆ ತೀರ್ಪು ಕೊಟ್ಟರು: "ಶಂಕರಪಾಳಿ! ನಡಬರಕ ಹರದೈತಿ."

ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಆ ಹರಿದ ಶಂಕರಪಾಳಿಯನ್ನು ಅವರು ರಿಪೇರಿ ಮಾಡಿಬಿಟ್ಟಿದ್ದರು! ಏಲಕ್ಕಿ, ಜಾಜಿಕಾಯಿ ಬಿದ್ದು, ಚೌಕಾಕಾರದ ತುಂಡುಗಳು ಎಣ್ಣೆಯಲ್ಲಿ ತೇಲುತ್ತಿದ್ದವು. ಸಹನಾ ನೋಡಿದ್ದೇ ತಡ, ಕುಸಿದು ಕೂತು ಅಳತೊಡಗಿದಳು.

"ಇದು ನಮ್ಮದ ಆತಲ್ಲ ಅಜ್ಜಿ! ಇದನ್ನ ಒಯ್ದ್ರ ಆಕಿ ಯಾಕ ಮಾತಾಡ್ತಾಳ?"

ಅತ್ತೆ ಕೈಯಲ್ಲಿದ್ದ ಜಾಲರಿ ಸೌಟನ್ನು ಕೆಳಗಿಟ್ಟರು. ಆಮೇಲೆ ಒಲೆ ಆರಿಸಿ, ಮೈದಾ ಡಬ್ಬಿಯನ್ನು ಮತ್ತೆ ಇಳಿಸಿದರು. "ಅಳಬ್ಯಾಡ. ನೀ ಹೇಳು, ನಾ ಮಾಡ್ತೇನಿ."

ಅಡುಗೆಯಲ್ಲಿ ಅತ್ತೆ ಇನ್ನೊಬ್ಬರ ಮಾತು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸೀಳಿದರು, ಎಳೆದರು. ಆದರೆ ಬೆರಳುಗಳು ಕೇಳಬೇಕಲ್ಲ! ಹುಟ್ಟಾ ಕರ್ಚಿಕಾಯಿ ಮಾಡಿದ ಕೈ. ಅಂಚು ಕಂಡರೆ ಸಾಕು, ತಾನಾಗಿ ಮುರಿಗೆ ಹಾಕುತ್ತದೆ. ಮೊಮ್ಮಗಳು "ಅಂಚು ಬಿಡು ಅಜ್ಜಿ" ಎನ್ನುವುದು, ಇವರು "ಬಿಟ್ಟೆ ಬಿಟ್ಟೆ" ಎನ್ನುತ್ತಲೇ ಇನ್ನೊಂದರ ಅಂಚು ತಿರುವುವುದು. ಅಂತೂ ಮೈಯೆಲ್ಲ ಟಿಬೇಟ್, ಅಂಚೆಲ್ಲ ಹಳಿಯಾಳ ಆಗಿರುವ ಖಪ್ಸೆ ತಯಾರಾದವು.

ತುಂಬಿದ್ದು ಅತ್ತೆಯ ತವರಿನವರು ಹೆಸರು ಕೆತ್ತಿಸಿ ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ. ಅದು ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. "ನೀ ಬರದಿದ್ದರೂ ನಡೀತೈತಿ, ಡಬ್ಬಿ ಬರಬೇಕು," ಎಂದು ಕಳಿಸಿದರು.

ಸಂಜೆ ಸಹನಾ ಬಂದಳು. ಡಬ್ಬಿ ಬರಲಿಲ್ಲ!

"ಡೋಲ್ಮಾ ಒಯ್ದಾಳ. ಅವರ ಅಜ್ಜಿಗೆ ತೋರಸ್ತಾಳಂತ," ಎಂದು ಕುಣಿದಾಡಿದಳು. "ನನ್ನ ಜೋಡಿ ಊಟಾನೂ ಮಾಡಿದ್ಳು ಅವ್ವಾ!"

ನನಗೆ ಹಾಲು ಕುಡಿದಷ್ಟು ಸಂತೋಷ. ಅತ್ತೆಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಡಬ್ಬಿ ಬಂತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂಬುದು ನಮ್ಮ ಮನೆಯ ಶಾಸ್ತ್ರ; ಕಡೆಗೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅವರ ಮನೆಯಲ್ಲೂ ಹಾಗೇ ಏನೋ! ಡಬ್ಬಿಯ ತುಂಬ ಡೋಲ್ಮಾಳ ಅಜ್ಜಿಯೇ ಕರಿದ ಖಪ್ಸೆ.

"ನಮ್ಮವು ತಿಂದು ಏನಂದ್ರಂತ?" ಅತ್ತೆ ಅತ್ತ ಮುಖ ಮಾಡಿ ಕೇಳಿದರು.

ಸಹನಾ ಅಳುಕುತ್ತ ಹೇಳಿದಳು: "ಇವು ನಮ್ಮ ಖಪ್ಸೇನ, ಆದ್ರ ಕೆಟ್ಟಾವ ಅಂದ್ರಂತ."

ಅತ್ತೆ ಒಂದು ಖಪ್ಸೆ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಶಂಕರಪಾಳಿ ಎನ್ನಲಿಲ್ಲ, ಹರಿದಿದೆ ಎನ್ನಲಿಲ್ಲ. "ಆಕಿ ಕೈ ಭಾಳ ಛಲೋ ಐತಿ," ಎಂದರು. ಕಣ್ಣಂಚು ಒದ್ದೆಯಾಗಿತ್ತು.

ಆಗ ನನಗೆ ಹೊಳೆಯಿತು. ಹಳಿಯಾಳದಲ್ಲಿ ಕರ್ಚಿಕಾಯಿ ಮಾಡುವ ದಿನ ಓಣಿಯ ಹೆಂಗಸರೆಲ್ಲ ಅತ್ತೆಯ ಸುತ್ತ ಕೂತಿರುತ್ತಿದ್ದರು. ಒಬ್ಬರು ಮಾಡಿದ್ದನ್ನು ಒಬ್ಬರು ಹಳಿಯದೆ ಬಾಣಲೆ ಇಳಿಯುತ್ತಿರಲಿಲ್ಲ. ಇಲ್ಲಿ ಅವರು ಏನು ಮಾಡಿಕೊಟ್ಟರೂ ನಾವು "ಛಲೋ ಆಗೈತ್ರಿ" ಎಂದು ತಿಂದು ಕೈ ತೊಳೆಯುತ್ತಿದ್ದೆವು. ನೀ ಮಾಡಿದ್ದು ಕೆಟ್ಟಿದೆ ಎಂದು ಸಲುಗೆಯಿಂದ ಹೇಳುವ ಒಬ್ಬರೂ ಅವರಿಗೆ ಈ ಊರಿನಲ್ಲಿರಲಿಲ್ಲ. ಹೊಸ ಊರಿನಲ್ಲಿ ಗೆಳತಿ ಇಲ್ಲದವಳು ನನ್ನ ಮಗಳೊಬ್ಬಳೇ ಎಂದುಕೊಂಡಿದ್ದೆನಲ್ಲ!

ಭಾನುವಾರ ಅತ್ತೆ ಕರ್ಚಿಕಾಯಿ ಮಾಡಿ ಅದೇ ಡಬ್ಬಿಗೆ ತುಂಬಿದರು. ಮದುವೆ ಮುಂಜಿಗೆಂದು ಎತ್ತಿಟ್ಟ ಇಳಕಲ್ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತರು.

"ಆಕಿ ಅಜ್ಜಿಗೆ ಕನ್ನಡ ಬರ್ತೈತೇನ?"

"ಭಾಳ ಬರೂದಿಲ್ಲ ಅಜ್ಜಿ. 'ಕೆಟ್ಟೈತಿ' ಅನ್ನಾಕ ಬರ್ತೈತಿ."

"ಅಷ್ಟ ಬಂದ್ರ ಸಾಕ ಬಿಡು," ಎಂದು ಅತ್ತೆ ಚಪ್ಪಲಿ ಮೆಟ್ಟಿದರು.