ಸೋಮವಾರದವರೆಗೆ ಸಾಯಬಾರದ ಇಲಿ

ಇಲಿ ಕಂಡರೆ ನನಗಾಗದು. ಮನೆಯಲ್ಲಿ ಕಂಡರೆ ಪೊರಕೆಗೆ ಕೈ ಹಾಕುವವಳು ನಾನು. ಅಂಥವಳಿಗೆ ಗಂಡ ಸತ್ತ ಮೇಲೆ ಸಿಕ್ಕಿದ್ದು ಇಲಿ ಸಾಕುವ ಕೆಲಸ. ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹಿಡಿದು ಇಂದಿರಾನಗರದ ಒಂದು ಲ್ಯಾಬಿಗೆ ಹೋಗಿ, ಕರೀ ಇಲಿಗಳ ಪಂಜರ ತೊಳೆದು, ತಿಂಡಿ ನೀರು ಇಡಬೇಕು. ನಾನು ಓದಿದವಳಲ್ಲ, ತಿಳಿದಷ್ಟು ಹೇಳುತ್ತೇನೆ. ರೋಗದ ಜೊತೆ ಕಾದಾಡುವ ಕಣಗಳು ರಕ್ತದಲ್ಲಿ ಇರುತ್ತವಂತೆ. ಕೆಲವು ಇಲಿಗಳಿಗೆ ಹುಟ್ಟಿನಿಂದಲೇ ಒಂದು ಜೀನ್ ಇಲ್ಲದಂತೆ ಮಾಡಿದ್ದರು. ಅವು ಮುದಿಯಾದಾಗ ಆ ಕಣಗಳು ಎಷ್ಟು ಉಳಿದಿರುತ್ತವೆ ಎಂದು ಎಣಿಸುವುದು ಧಾರವಾಡದ ಹುಡುಗಿ ಶೈಲಾಳ ಕೆಲಸ. ಇಲಿ ಮುದಿಯಾಗಲು ಎರಡು ವರ್ಷ ಬೇಕು. ಅವಳ ತಾಯಿ ಒಮ್ಮೆ ಬಂದು ಪಂಜರಗಳ ಮುಂದೆಯೇ ಬೈದರು: "ಇಲಿ ಮುದುಕಿ ಆಗ್ಲಿ ಅಂತ ಕಾಯ್ಕೋತ ಕುಂತಿಯಲ್ಲ, ನೀ ಮುದುಕಿ ಆದ್ರ ಯಾವಂವ ಲಗ್ನ ಆಗ್ತಾನ?" ನನಗೆ ನಗು ಬಂತು. ಶೈಲಾಗೆ ಬರಲಿಲ್ಲ.

ಜೀನ್ ಇಲ್ಲದವು ಒಂದೊಂದಾಗಿ ಸಾಯತೊಡಗಿದವು. ತಾನಾಗಿ ಸತ್ತ ಇಲಿ ಎಣಿಕೆಗೆ ಬರುವುದಿಲ್ಲ, ಕಣಗಳು ಕೆಟ್ಟುಹೋಗುತ್ತವೆ. ಲೆಕ್ಕ ಮುಗಿಯಲು ಇನ್ನೊಂದು ಬೇಕೇ ಬೇಕು ಎನ್ನುವಾಗ ಉಳಿದಿದ್ದು ಒಂದೇ ಮುದುಕಿ. ಶುಕ್ರವಾರ ಅದೂ ರೋಮ ನಿಗುರಿಸಿಕೊಂಡು ಮೂಲೆ ಸೇರಿತು. ಎಣಿಸುವ ಮೆಷಿನ್ನು ಶೈಲಾಳ ಪಾಳಿಗೆ ಬರುವುದು ಸೋಮವಾರ.

"ಅವ್ವಾರ, ಸೋಮವಾರದ ಮಟಾ ಹೆಂಗರ ಮಾಡಿ ಉಳಸ್ರಿ. ಇದು ಸತ್ರ ನನ್ನ ಎರಡು ವರ್ಷ ಸತ್ತಂಗ."

"ಸೋಮವಾರ ಏನ್ಮಾಡ್ತೀಯಮ್ಮ?"

"ಕೊಲ್ತೀನ್ರಿ."

ಸರಿ. ರಜದ ದಿನವೂ ಹೋದೆ. ಮೇಲಿನ ಜಾಲರಿಯ ತಿಂಡಿಗೆ ಅದು ಕತ್ತೆತ್ತಲಾರದು. ನೆನೆಸಿ, ಹಿಸುಕಿ, ಬಾಯ ಹತ್ತಿರ ಇಟ್ಟೆ. ಮೈ ತಣ್ಣಗಾದೀತೆಂದು ಸುತ್ತಲೂ ಹೊಟ್ಟು ಒತ್ತರಿಸಿದೆ. ಗಂಡ ಹಾಸಿಗೆ ಹಿಡಿದಾಗ ಇದರ ಅರ್ಧವೂ ಮಾಡಿರಲಿಲ್ಲ. ಅವನು ಕುಡಿದು ಕುಡಿದು ಮಲಗಿದವನು. ಇಲಿ, ಪಾಪ, ಕುಡಿದಿರಲಿಲ್ಲ. ಸೋಮವಾರ ಬೆಳಗ್ಗೆ ಅದು ಕಣ್ಣು ಬಿಟ್ಟಿತು. ಶೈಲಾ ನನ್ನ ಕೈ ಹಿಡಿದುಕೊಂಡು ಅತ್ತಳು, ಆಮೇಲೆ ಗ್ಲೌಸು ಹಾಕಿಕೊಂಡಳು. ಸಂಜೆ ಓಡಿಬಂದು, "ಕಡಿಮಿ ಅದಾವ್ರೀ ಅವ್ವಾರ! ಜೀನ್ ಇದ್ದ ಮುದಿ ಇಲಿಗಿಂತ ಭಾಳ ಕಡಿಮಿ!" ಎಂದು ಮಗು ಹುಟ್ಟಿದ ಹಾಗೆ ಎಲ್ಲರಿಗೂ ಸ್ವೀಟು ಹಂಚಿದಳು. ನಾನೂ ತಿಂದೆ. ತಿಂದು ಖಾಲಿ ಪಂಜರ ತೊಳೆದೆ.

ಆ ವಾರವೇ ನನಗೆ ಜ್ವರ. ಕೆಮ್ಮಿದರೆ "ಆಚೆ ಹೋಗಿ ಕೆಮ್ಮು" ಅನ್ನುತ್ತಿದ್ದ ಮಗ ಡಾಕ್ಟರನ್ನು ಮನೆಗೇ ಕರೆತಂದ. ಸೊಸೆ ಬಾದಾಮಿ ಅರೆದು ಹಾಲಿಗೆ ಹಾಕಿ, ಬನ್ನು ಅದ್ದಿ ಬಾಯ ಹತ್ತಿರ ಹಿಡಿದಳು. ಕೆ.ಆರ್. ಪುರದ ಆಚೆ ಒಂದು ತುಂಡು ಹೊಲ ನನ್ನ ಹೆಸರಿನಲ್ಲಿದೆ. ಲೇಔಟ್ ಮಾಡುವವರು ಕೇಳುತ್ತಿದ್ದರು.

"ಅಮ್ಮ, ಗುರುವಾರದವರೆಗೂ ಎದ್ದು ಓಡಾಡ್ಬೇಡ. ಗುರುವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದ್ ಸೈನ್ ಹಾಕ್ಬಿಡು," ಎಂದ ಮಗ.

"ಆಮೇಲೆ?"

"ಆಮೇಲ್ ನೋಡಣ ಬಿಡಮ್ಮ."

ಜ್ವರ ಬಿಟ್ಟು ತಿಂಗಳುಗಳೇ ಆದವು. ಆದರೆ ಗುರುವಾರ ಬಂತೆಂದರೆ ನನಗೆ ತಲೆಸುತ್ತು. ಸೈನ್ ಆಗಿಲ್ಲ. ಬಾದಾಮಿ ಹಾಲು ಬರುತ್ತಲೇ ಇದೆ. ಸಕ್ಕರೆ ಕಮ್ಮಿ ಅನ್ನಿಸಿದರೆ ಹೇಳುತ್ತೇನೆ, ಹಾಕಿಕೊಡುತ್ತಾರೆ.